ಕಲ್ಲು ಎಲ್ಲಿ ಹತ್ತಿತು?

ನಾಳೆ ಯಮಧರ್ಮ ಕೋಣನ ಮೇಲೆ ಕುಳಿತು ಬಂದು ಬಾಗಿಲಲ್ಲಿ ನಿಂತರೂ ನಮ್ಮ ಕಾಕಾ ಹೆದರುವ ಪೈಕಿ ಅಲ್ಲ. ಮೊದಲು "ಎಲ್ಲಿ ಹತ್ತಿದಿ?" ಎಂದು ಕೇಳುತ್ತಾನೆ. ಯಮ ಸ್ಟಾಪಿನ ಹೆಸರನ್ನು ಸರಿಯಾಗಿ ಹೇಳದಿದ್ದರೆ ಕೋಣನ ಸಮೇತ ನಡುದಾರಿಯಲ್ಲಿ ಇಳಿಸಿಬಿಡುತ್ತಾನೆ! ಇದರಲ್ಲಿ ಉತ್ಪ್ರೇಕ್ಷೆ ಇದೆ ಎಂದು ನಿಮಗೆ ಅನ್ನಿಸಿದರೆ ನೀವು ನಮ್ಮ ಕಾಕಾನನ್ನು ನೋಡಿಲ್ಲ, ಅಷ್ಟೇ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಗಡಹಿಂಗ್ಲಜದ ಹತ್ತಿರ ಒಂದು ಹಳ್ಳಿಯಲ್ಲಿ ಹೊಲ, ಹೊಲದಲ್ಲೇ ಮನೆ. ದುಡಿದದ್ದು ಮಾತ್ರ ಎಸ್ಟಿಯಲ್ಲಿ, ಅಂದರೆ ಸರಕಾರಿ ಬಸ್ಸಿನಲ್ಲಿ, ಕಂಡಕ್ಟರನಾಗಿ. ಕೊಲ್ಹಾಪುರದಿಂದ ಗಡಹಿಂಗ್ಲಜ, ಅಲ್ಲಿಂದ ಚಂದಗಡ, ಅಲ್ಲೇ ರಾತ್ರಿ ಮುಕ್ಕಾಮು, ಮರುದಿನ ಅದೇ ದಾರಿಯಲ್ಲಿ ವಾಪಸು. ಹತ್ತಿದವರನ್ನೆಲ್ಲ ಎಲ್ಲಿ ಹತ್ತಿದಿರಿ ಎಂದು ಕೇಳಿ ಕೇಳಿ, ನಿವೃತ್ತನಾಗುವ ಹೊತ್ತಿಗೆ ಆ ಪ್ರಶ್ನೆ ಅವನ ನಾಲಗೆಗೇ ಅಂಟಿಕೊಂಡಿತ್ತು. ಸಂತೆಯಲ್ಲಿ ಬದನೆಕಾಯಿ ಹಿಡಿದು ಕೇಳುತ್ತಾನೆ. ಅಂಗಡಿಯಲ್ಲಿ ಚಪ್ಪಲಿ ಹಿಡಿದು ಕೇಳುತ್ತಾನೆ. ನೆಗಡಿ ಬಂದರೆ ಅದು ತನ್ನ ಮೈಯನ್ನು ಯಾವ ಊರಿನಲ್ಲಿ ಹತ್ತಿತು ಎಂದು ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಎದುರಿಗೆ ಕೂಡಿಸಿಕೊಂಡು ತನಿಖೆ ನಡೆಸುತ್ತಾನೆ. ನೆಗಡಿ ತಾನಾಗಿ ಇಳಿದು ಹೋಗುವವರೆಗೂ ಆ ತನಿಖೆ ಮುಗಿಯುವುದಿಲ್ಲ.

ಅವನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಇದೇ ಕತೆ. ಉಳಿದವರು ನೌಕರಿ, ಹೊಲ ಎಂದು ವಿಚಾರಿಸುತ್ತಿದ್ದರೆ ಕಾಕಾ ಹುಡುಗನನ್ನು ಎಲ್ಲಿ ಹತ್ತಿದಿರಿ ಎಂದು ಕೇಳಿದ. ಸ್ವಂತ ಕಾರಿನಲ್ಲಿ ಬಂದೆವು ಎಂದ ಹುಡುಗ. ಕಾಕಾನ ಮುಖ ಸಪ್ಪಗಾಯಿತು. ಸ್ಟಾಪೇ ಇಲ್ಲದ ಮನುಷ್ಯನಿಗೆ ಹೆಣ್ಣು ಕೊಡುವುದು ಹೇಗೆ? ಕೊನೆಗೆ ಹುಡುಗನ ತಾಯಿ, ದಾರಿಯಲ್ಲಿ ನಿಪ್ಪಾಣಿಯೊಳಗೆ ಚಹಾಕ್ಕೆ ಇಳಿದಿದ್ದೆವು ಎಂದದ್ದೇ ತಡ, "ಹಂಗಾರ ನಿಪ್ಪಾಣಿ ಅನ್ರಿ" ಎಂದು ಉಸಿರು ಬಿಟ್ಟು ಸಕ್ಕರೆ ಹಂಚಲು ಹೇಳಿದ. ಇವತ್ತಿಗೂ ಅವನನ್ನು "ನಮ್ಮ ನಿಪ್ಪಾಣಿ ಅಳಿಯಾ" ಎನ್ನುತ್ತಾನೆ. ಪಾಪ, ಆ ಹುಡುಗನದು ಸಾಂಗಲಿ!

ಇಂಥ ಕಾಕಾ ಮತ್ತು ನಮ್ಮಪ್ಪ ಬಹಳ ವರ್ಷ ಮಾತು ಬಿಟ್ಟಿದ್ದರು. ಮನೆ ಪಾಲಾಗುವಾಗ ಹಿರಿಯರ ಮುಂದೆ ಮಾತಿಗೆ ಮಾತು ಬೆಳೆದು, ಅಪ್ಪ ಒಂದು ಮಾತು ಅಂದುಬಿಟ್ಟಿದ್ದ: "ನೀ ತಿಕೀಟ ಹರಿಯಾಂವ, ನಿನಗ ಹೊಲದ್ದೇನ ತಿಳೀತೇತಿ?" ಅಷ್ಟೇ. ಹೊಲ ಕಾಕಾನಿಗೆ ಬಂತು, ಇಚಲಕರಂಜಿಯ ಮನೆ ಅಪ್ಪನಿಗೆ. ಆದರೆ ಆ ಮಾತು ಮಾತ್ರ ಯಾರ ಪಾಲಿಗೂ ಹೋಗದೆ ನಡುವೆಯೇ ಬಿದ್ದುಕೊಂಡಿತು. ಅಪ್ಪ ಕೊಲ್ಹಾಪುರದ ಒಂದು ಫೌಂಡ್ರಿಯಲ್ಲಿ, ಕಬ್ಬಿಣ ಕರಗಿಸುವ ಭಟ್ಟಿಯ ಮುಂದೆ, ಜೀವನ ಕಳೆದ. ಅಣ್ಣ ಬಾಗಿದರೆ ತಮ್ಮ ಬಾಗುತ್ತಿದ್ದನೋ ಏನೋ. ಇಬ್ಬರೂ ಹಠಮಾರಿಗಳು. ಒಂದೇ ತಾಯಿಯ ಹಾಲು ಕುಡಿದವರಲ್ಲವೇ?

ಅಪ್ಪ ತೀರಿಕೊಂಡ ದಿನ ಕಾಕಾ ಬಂದ, ಸ್ಮಶಾನದವರೆಗೂ ನಡೆದ, ಯಾರ ಜೊತೆಗೂ ಮಾತಾಡದೆ ಹೋದ. ಆಮೇಲೆ ಏನನ್ನಿಸಿತೋ, ಆಗಾಗ ಇಚಲಕರಂಜಿಗೆ ಬಂದು ನನ್ನ ಬ್ಲೌಸ್‌ಪೀಸಿನ ಅಂಗಡಿಯಲ್ಲಿ ಕೂಡತೊಡಗಿದ. ಅಂಗಡಿಯ ಹಿಂದೆಯೇ ನಮ್ಮ ಮನೆ. ಅವ್ವ ಅಲ್ಲೇ ಇರುತ್ತಾಳೆ. ಕಾಕಾ ಒಳಗೆ ಹೋಗುತ್ತಿರಲಿಲ್ಲ. ಅವ್ವ ಕಳಿಸಿದ ಚಹಾವನ್ನು ಅಂಗಡಿಯಲ್ಲೇ ಕುಡಿದು, ಕಪ್ಪನ್ನು ತಾನೇ ತೊಳೆದಿಟ್ಟು, ಬಂದ ಬಸ್ಸಿಗೇ ಹೋಗಿಬಿಡುತ್ತಿದ್ದ.

ಈಗ ಕಲ್ಲಿಗೆ ಬರೋಣ.

ಕಬ್ಬು ನಾಟಿ ಮಾಡುವಾಗ ಹೊಲದ ಅಂಚಿನಲ್ಲಿ ಕಾಕಾನ ಹೆಬ್ಬೆರಳನ್ನು ಏನೋ ಸರ್‍ರನೆ ಕೊಯ್ಯಿತು. ತೆಗೆದು ನೋಡಿದರೆ ಕರ್‍ರಗೆ ಮಿರಿಮಿರಿ ಮಿಂಚುವ ಕಲ್ಲು. ಮುರಿದ ಕಡೆ ಗಾಜಿನ ಹಾಗೆ ನುಣುಪು, ಅಂಚು ಕ್ಷೌರದ ಬ್ಲೇಡಿನ ಹಾಗೆ. ಕರಿಯ ಮೈಯಲ್ಲಿ ಅಲ್ಲಲ್ಲಿ ಬಿಳಿಯ ಚುಕ್ಕೆ. ಕಾಕಾ ಅವನ್ನು "ಬಿಳಿ ಹೂವು" ಎಂದು ಕರೆದ. ಬೇರೆ ಯಾರಾದರೂ ಆಗಿದ್ದರೆ ಬೆರಳಿಗೆ ಅರಿಸಿನ ಮೆತ್ತಿಕೊಂಡು ಕಲ್ಲನ್ನು ಪಕ್ಕದವರ ಹೊಲಕ್ಕೆ ಎಸೆಯುತ್ತಿದ್ದರು. ಕಾಕಾ ಏನು ಕೇಳಿದ ಎಂದು ನಾನು ಹೇಳಬೇಕೇ?

ಕಲ್ಲು ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟದ್ದು ಮೊಬೈಲಿನಲ್ಲಿ ಸಿಕ್ಕ ಒಂದು ವಿಡಿಯೋ. ಲೋಹದ ಪರಿಚಯವೇ ಇಲ್ಲದ ಕಾಲ, ಮನುಷ್ಯ ಆಗಷ್ಟೇ ಬಿತ್ತಿ ಬೆಳೆಯಲು ಕಲಿತಿದ್ದ ಕಾಲ. ಆಗ ಸಮುದ್ರದಾಚೆ ಟರ್ಕಿ ದೇಶದ ಕಡೆಯ ರೈತರು ಜ್ವಾಲಾಮುಖಿ ಉಗುಳಿದ ಕರಿಗಾಜಿನಿಂದ ಚೂರಿ, ಕುಡುಗೋಲಿನ ಹಲ್ಲು ಮಾಡಿಕೊಳ್ಳುತ್ತಿದ್ದರಂತೆ. ಅದರ ಹೆಸರು ಅಬ್ಸಿಡಿಯನ್. ಬೆಟ್ಟ ಒಂದು ಕಡೆ, ಚೂರಿ ಸಿಕ್ಕಿದ್ದು ಎಷ್ಟೋ ದೂರದ ಇನ್ನೊಂದು ಹಳ್ಳಿಯಲ್ಲಿ. ಪ್ರತಿ ಬೆಟ್ಟದ ಗಾಜಿನಲ್ಲೂ ಆ ಬೆಟ್ಟದ್ದೇ ಗುರುತು ಇರುತ್ತದೆ. ಪಂಡಿತರು ಅದನ್ನು ಪರೀಕ್ಷಿಸಿ, ಈ ಚೂರಿಯ ಕಲ್ಲು ಇಂಥ ಬೆಟ್ಟದಲ್ಲಿ ಹುಟ್ಟಿದ್ದು ಎಂದು ಹೇಳಿಬಿಡುತ್ತಾರೆ. ಇದನ್ನು ಕೇಳಿ ಕಾಕಾನಿಗೆ ಆದ ಆನಂದ ಅಷ್ಟಿಷ್ಟಲ್ಲ. ಜಗತ್ತಿನಲ್ಲಿ ತನ್ನ ಹಾಗೆಯೇ ಕೇಳುವವರು ಬೇರೆಯವರೂ ಇದ್ದಾರೆ! ಅದಕ್ಕೆ ಅವರಿಗೆ ಪಗಾರವನ್ನೂ ಕೊಡುತ್ತಾರೆ!

ವಿಡಿಯೋದಲ್ಲಿ ಬಿಳಿ ಹೂವಿನ ಕರಿಗಾಜನ್ನೂ ತೋರಿಸಿದರು. ಮುಗಿಯಿತು. ಕಾಕಾ ಮರುದಿನವೇ ಅಂಗಡಿಗೆ ಬಂದು, ಕರವಸ್ತ್ರ ಬಿಚ್ಚಿ, ಕಲ್ಲನ್ನು ನನ್ನ ಮೇಜಿನ ಮೇಲಿಟ್ಟ.

"ಇದು ಎಲ್ಲಿ ಹತ್ತೇತಿ ಅಂತ ಕಂಡ ಹಿಡಿಯಾಂವನ ನಾ" ಎಂದ. "ನಮ್ಮ ಹೊಲದಾಗ ಆ ಕಾಲದಾಗನ ಒಕ್ಕಲತನ ಇತ್ತು ಅಂತ ತೋರಸ್ತೇನಿ ಮಗಳ. ತಿಕೀಟ ಹರಿಯಾಂವಗೂ ಹೊಲಾ ತಿಳೀತೇತಿ."

ಆ ಮಾತು ಯಾರಿಗೆ ಎಂದು ನನಗೆ ಗೊತ್ತಿತ್ತು. ಕೇಳಿಸಿಕೊಳ್ಳಬೇಕಾದವನು ಗೋಡೆಯ ಮೇಲೆ, ಹಾರ ಹಾಕಿದ ಫೋಟೋದಲ್ಲಿದ್ದ.

ಮೊದಲು ಹಳ್ಳಿಯವರನ್ನು ನಂಬಿಸಬೇಕಿತ್ತು. ಕಲ್ಲಿನಿಂದ ಉಳ್ಳಾಗಡ್ಡಿ ಹೆಚ್ಚಿ ತೋರಿಸಿದ. ಅದು ಯಾವ ಮಹಾ ಎಂದರು. ಹಗ್ಗ ಕೊಯ್ದ. ಆಗಲೂ ಯಾರೂ ಬೆರಗಾಗಿ ಬಾಯಿ ಬಿಡಲಿಲ್ಲ. ಕೊನೆಗೆ ಕಟ್ಟೆಯ ಮೇಲೆ ಕೂತು, ಕನ್ನಡಿ ಇಲ್ಲದೆ, ಅದೇ ಕಲ್ಲಿನಿಂದ ಗಡ್ಡ ಹೆರೆದುಕೊಳ್ಳಲು ಶುರುಮಾಡಿದ. ಕಲ್ಲು ಚೆನ್ನಾಗಿಯೇ ಕೆಲಸ ಮಾಡಿತು. ಎಷ್ಟು ಚೆನ್ನಾಗಿ ಎಂದರೆ ಎಡಗಡೆಯ ಮೀಸೆಯೂ ಪೂರಾ ಬಂತು! ಒಂದೇ ದೀಪ ಹತ್ತುವ ಎಸ್ಟಿಯ ಹಾಗೆ ಕಾಣುತ್ತೀರಿ ಎಂದು ಕಾಕು ಹೇಳಿದ್ದನ್ನು ಕಾಕಾ ನನಗೆ ಹೇಳಲಿಲ್ಲ. ಕಾಕುವೇ ಫೋನು ಮಾಡಿ ಹೇಳಿದಳು.

ಮೀಸೆ ಬರುವ ತನಕ ಕಾಯುವ ಮನುಷ್ಯನೇ ಅವನು? ಬಾಯಿಗೆ ಟವೆಲ್ಲು ಸುತ್ತಿಕೊಂಡು ಜ್ವಾಲಾಮುಖಿ ಹುಡುಕಲು ಹೊರಟ. ಹಲಕರ್ಣಿಗೆ ಹೋದ, ಚಂದಗಡದ ಗುಡ್ಡಗಳನ್ನು ಹತ್ತಿಳಿದ, ಕಲ್ಲಿನ ಖಣಿಗಳ ಮುಂದೆ ನಿಂತ. ನಾನೂ ಒಂದೆರಡು ಸಲ ಜೊತೆಗೆ ಹೋಗಿದ್ದೆ. ಚಂದಗಡದ ಒಬ್ಬ ನಿವೃತ್ತ ಮಾಸ್ತರರು, ಈ ಸಹ್ಯಾದ್ರಿ ಪೂರ್ತಿ ಲಾವಾರಸದ್ದೇ, ನೀವು ನಿಂತ ನೆಲವೂ ಲಾವಾರಸವೇ ಎಂದು ತಿಳಿಸಿ ಹೇಳಿದರು. ಅಂದರೆ ಎಲ್ಲ ಕಡೆಯೂ ಜ್ವಾಲಾಮುಖಿಯೇ, ಕೆಲಸ ಸುಲಭವಾಯಿತಲ್ಲ ಎಂದೆ ನಾನು. ಕಾಕಾ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದ. ಎಲ್ಲ ಸ್ಟಾಪಿನಲ್ಲೂ ಹತ್ತುವ ಪ್ರವಾಸಿ ಇರುವುದಿಲ್ಲವಂತೆ. ಅಂಥವನು ಸಿಕ್ಕರೆ ಅವನು ಸುಳ್ಳು ಹೇಳುತ್ತಿದ್ದಾನೆ ಎಂದೇ ಅರ್ಥವಂತೆ!

ಹೋಲಿಸಿ ನೋಡಲೆಂದು ಊರೂರಿನ ಕಲ್ಲುಗಳನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತಿದೆವು. ಹೊಸ ಕಂಡಕ್ಟರ್ ಲಗೇಜಿನ ತಿಕೀಟು ತೆಗೆಸಿ ಎಂದ. ಕಾಕಾನಿಗೆ ಬಹಳ ಸಂತೋಷವಾಯಿತು. ಈಗಿನವರಲ್ಲೂ ಶಿಸ್ತು ಇದೆ ಎಂದು ಹೊಗಳಿದ. ಆದರೆ ಒಂದು ತಕರಾರು. ಈ ಕಲ್ಲು ಹಲಕರ್ಣಿಯದು, ಈ ಕಲ್ಲು ಅದಕ್ಕೂ ಹಿಂದಿನ ಫಾಟಾದ್ದು, ಅಂದರೆ ಕವಲುದಾರಿಯದು, ಇದು ಗುಡ್ಡದ ಮೇಲಿನದು. ಒಂದೇ ತಿಕೀಟಿನಲ್ಲಿ ಎಲ್ಲವೂ ಹೇಗೆ ಬರುತ್ತವೆ? ಯಾವುದು ಎಲ್ಲಿ ಹತ್ತಿತೋ ಅಲ್ಲಿಂದ ಅದರದೇ ತಿಕೀಟು ಆಗಬೇಕು! ಕಂಡಕ್ಟರ್ ಮಶಿನಿನ ಗುಂಡಿಗಳನ್ನು ಒತ್ತಿ ಒತ್ತಿ ಸೋತ. ಬಸ್ಸು ನಿಂತಿತು. ಹಿಂದಿನ ಸೀಟಿನವರು ಮರಾಠಿಯಲ್ಲಿ ಬೈಯತೊಡಗಿದರು. ಕೊನೆಗೆ ಡ್ರೈವರನೇ ಎದ್ದು ಬಂದ. ಕಾಕಾನ ಹಳೆಯ ಜೋಡಿ ಅವನು. ಈ ಕಲ್ಲುಗಳಿಗೆ ವಯಸ್ಸೆಷ್ಟು ಎಂದು ಕೇಳಿದ. ಲಕ್ಷಗಟ್ಟಲೆ ವರ್ಷ ಎಂದ ಕಾಕಾ. ಹಾಗಾದರೆ ಇವು ಹಿರಿಯ ನಾಗರಿಕರು, ತಿಕೀಟಿಲ್ಲದೆ ಕೂಡಲಿ ಎಂದು ಹೇಳಿ ಡ್ರೈವರ್ ಗಾಡಿ ಬಿಟ್ಟ.

ನಮ್ಮ ಮನೆತನದಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ; ನಾವು ಜೈನರು. ಹೀಗಾಗಿ ಈ ಮಹಾಶೋಧವೆಲ್ಲ ಬೆಳಕಿದ್ದಾಗ ಮುಗಿಸಿ ಕಾಕುವಿನ ತಾಟಿನ ಮುಂದೆ ಹಾಜರಾಗಬೇಕು. ಹಾಜರಾಗದೆ ಎಷ್ಟೋ ದಿನ ಕಾಕಾ ಉಪವಾಸ ಮಲಗಿದ. ಕಲ್ಲು ಬೇಯಿಸಿ ಹಾಕಲೇ ಎಂದು ಕಾಕು ಕೇಳಿದಳು. ಹಸಿದಿದ್ದರೂ ಕಾಕಾ ಹಿಂದೆ ಸರಿಯಲಿಲ್ಲ.

ಕೊನೆಗೆ ನಾನೇ ಕೊಲ್ಹಾಪುರದ ಒಬ್ಬ ಪ್ರಾಧ್ಯಾಪಕಿಯನ್ನು ಹುಡುಕಿದೆ. ಹಳೆಯ ಕಾಲದ ಕಲ್ಲಿನ ಆಯುಧಗಳನ್ನೇ ಓದಿದ ಬಾಯಿ, ಅಂದರೆ ಮೇಡಮ್ಮು. ಕಾಕಾ ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನನ್ನ ಸ್ಕೂಟಿಯ ಹಿಂದೆ, ಕಲ್ಲನ್ನು ಎದೆಗೆ ಅವಚಿಕೊಂಡು ಕೂತ. ದಾರಿಯುದ್ದಕ್ಕೂ ಒಂದೇ ಮಾತು: ಬಾಯಿ ಹೂಂ ಅಂದರೆ ಹೊಲದ ಬದುವಿನ ಮೇಲೆ ಒಂದು ಫಲಕ ಹಾಕಿಸುತ್ತಾನಂತೆ.

ಬಾಯಿ ಒಳ್ಳೆಯವರು. ನಗಲಿಲ್ಲ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೇಜಿನ ಖಾನೆಯಿಂದ ಒಂದು ಅಯಸ್ಕಾಂತ ತೆಗೆದು ಕಲ್ಲಿನ ಒಂದು ಮೂಲೆಗೆ ತಾಗಿಸಿದರು. ಕಲ್ಲು ಟಕ್ಕನೆ ಅಂಟಿಕೊಂಡಿತು. ಅಲ್ಲಿ ಸಾಸಿವೆಯಷ್ಟು ಕಬ್ಬಿಣದ ಗುಂಡು ಸಿಕ್ಕಿಕೊಂಡಿತ್ತು. ಅವರು ನಿಧಾನವಾಗಿ ಮರಾಠಿಯಲ್ಲಿ ತಿಳಿಸಿ ಹೇಳಿದರು. ನಮ್ಮ ಸೀಮೆಯ ಹಳೆಯ ಒಕ್ಕಲು ಜನ ಅಬ್ಸಿಡಿಯನ್ ಬಳಸಿದ್ದು ಕಂಡಿಲ್ಲ. ಅವರ ಅಲಗುಗಳು ಅಗೇಟ್, ಚರ್ಟ್ ಎಂಬ ಗಟ್ಟಿ ಕಲ್ಲುಗಳವು. ಕೊಡಲಿಗಳು ಉಜ್ಜಿ ನುಣುಪು ಮಾಡಿದ ಕರಿಕಲ್ಲಿನವು. ಇದು ಕಲ್ಲೇ ಅಲ್ಲ. ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸಿದಾಗ ಮೇಲೆ ತೇಲುವ ಕಿಟ್ಟ, ಸ್ಲ್ಯಾಗು. ಆರಿದ ಮೇಲೆ ಗಾಜಾಗುತ್ತದೆ. ಅದನ್ನು ರಸ್ತೆಗೆ ಹಾಕುವುದುಂಟು. ನಿಮ್ಮ ಹೊಲದ ಹತ್ತಿರ ಯಾವುದಾದರೂ ದಾರಿ ಇದೆಯೇ?

ಕಾಕಾ ಇದೆ ಎಂದು ತಲೆಯಾಡಿಸಿದ. ಚಹಾ ಅರ್ಧಕ್ಕೇ ಬಿಟ್ಟ. ನನಗೆ ಬಹಳ ಕೆಟ್ಟದೆನಿಸಿತು. ಬಾಯಿಗೂ ಕೆಟ್ಟದೆನಿಸಿರಬೇಕು, ಒಂದು ನಿಜವಾದ ಅಗೇಟಿನ ಅಲಗನ್ನು ಅವನ ಅಂಗೈಯಲ್ಲಿಟ್ಟು ನೋಡಲು ಕೊಟ್ಟರು. ಕಾಕಾ ಅದನ್ನು ನೋಡಿದ, ಎಲ್ಲಿ ಹತ್ತಿತು ಎಂದು ಕೇಳಲಿಲ್ಲ. ಅವನು ಕೇಳದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ವಾಪಸು ಬರುವಾಗ ಪಂಚಗಂಗೆಯ ಸೇತುವೆ ದಾಟಿದೆವು. ಸೇತುವೆಯ ಆಚೆ ಕಬ್ಬಿನ ಹಾಲಿನ ಗಾಡಿಯ ಮುಂದೆ ನಿಲ್ಲಿಸು ಎಂದ. ಗ್ಲಾಸು ಖಾಲಿ ಮಾಡಿ, ಬಾಯಿ ಒರೆಸಿಕೊಂಡು, "ಸ್ಲ್ಯಾಗ್ ಆದ್ರೇನಾತು? ಅದೂ ಎಲ್ಯೋ ಹತ್ತೇತಲ್ಲ" ಎಂದ. ಹಠ ಎಂದರೆ ಇದು ನೋಡಿ! ನಾನಾಗಿದ್ದರೆ ಆ ಕಲ್ಲನ್ನು ಸೇತುವೆಯ ಮೇಲಿಂದಲೇ ಎಸೆದಿರುತ್ತಿದ್ದೆ.

ಕಾಕಾನ ಹೊಲಕ್ಕೆ ಹೋಗುವ ಗಾಡಿದಾರಿಗೆ ನಮ್ಮ ಕಡೆ ಪಾಣಂದ ಎನ್ನುತ್ತಾರೆ. ಮೇಲೆ ಕೆಂಪು ಮುರುಮು, ಅಂದರೆ ಗರಸು ಮಣ್ಣು, ಹಾಸಿದ ಗಟ್ಟಿ ದಾರಿ. ಪಂಚಾಯ್ತಿ ಮಾಡಿಸಿದ್ದು ಎಂದೇ ಎಲ್ಲರ ತಿಳುವಳಿಕೆ. ಕಾಕಾ ಗುದ್ದಲಿ ತೆಗೆದುಕೊಂಡು ಮುರುಮನ್ನು ಒಂದಷ್ಟು ಕೆದರಿದ. ಕೆಳಗೆ ಕರಿಗಾಜಿನ ಹಾಸಿಗೆಯೇ ಇತ್ತು. ಕಬ್ಬಿನ ಟ್ರಾಲಿಗಳ ಗಾಲಿಗೆ ಸಿಡಿದ ಚೂರುಗಳು ಮಳೆನೀರಿನ ಜೊತೆ ಹೊಲದ ಅಂಚಿಗೆ ಬಂದಿದ್ದವು. ಪ್ರತಿ ಚೂರಿನಲ್ಲೂ ಅದೇ ಬಿಳಿ ಹೂವು. ಕಾಕಾನಿಗೆ ಇಷ್ಟು ಸಾಕಾಯಿತು. ಒಂದೊಂದು ಬೆಟ್ಟಕ್ಕೆ ಒಂದೊಂದು ಗುರುತಿದ್ದರೆ ಒಂದೊಂದು ಭಟ್ಟಿಗೂ ಇರಲೇಬೇಕಲ್ಲ! ಹೂವಿನ ಸ್ಲ್ಯಾಗು ಯಾವ ಫೌಂಡ್ರಿಯದು?

ಕೊಲ್ಹಾಪುರದ ಸುತ್ತ ಫೌಂಡ್ರಿಗಳಿಗೆ ಬರವೇ? ಕಾಕಾ ಒಂದೊಂದಾಗಿ ಹಿಡಿದ. ವಿಚಿತ್ರವೆಂದರೆ ಇಷ್ಟು ದಿನ ಕಲ್ಲು ಎಂದರೆ ಉರಿದೇಳುತ್ತಿದ್ದ ಕಾಕು, ಸ್ಲ್ಯಾಗು ಎಂದ ಮೇಲೆ ಒಂದು ಮಾತೂ ಆಡದೆ ತಾನೇ ಬುತ್ತಿ ಕಟ್ಟಿ ಕೊಡತೊಡಗಿದಳು. ಇಸ್ತ್ರಿ ಅಂಗಿ, ಹೆಗಲಿಗೆ ಹಳೆಯ ಕಂಡಕ್ಟರ್ ಚೀಲ, ಕೈಯಲ್ಲಿ ಅಯಸ್ಕಾಂತ. ಗೇಟಿನಲ್ಲಿ ನಿಂತು, ನಿಮ್ಮ ಸ್ಲ್ಯಾಗು ಎಲ್ಲಿ ಹಾಕುತ್ತೀರಿ ಎಂದು ಮರಾಠಿಯಲ್ಲಿ ಗತ್ತಿನಿಂದ ಕೇಳಿದರೆ ಯಾರು ತಾನೇ ನಡುಗುವುದಿಲ್ಲ? ಮಾಲಿನ್ಯದ ತನಿಖೆಗೆ ಸಾಹೇಬರು ಬಂದಿದ್ದಾರೆ ಎಂದು ಸುದ್ದಿ ಹಬ್ಬಿತು! ಒಂದು ಕಡೆ ಮಾಲೀಕರೇ ಓಡಿಬಂದು ಎಳನೀರು ಕೊಟ್ಟರು. ಇನ್ನೊಂದು ಕಡೆ ನಾವು ಗೇಟಿನಲ್ಲಿ ಹೆಸರು ಹೇಳುವಷ್ಟರಲ್ಲಿ ಹಿತ್ತಿಲಿನ ಕಿಟ್ಟದ ರಾಶಿಗೆ ತಾಡಪತ್ರಿ ಹೊದಿಸಿ, ಮೇಲೆ ಕುಂಡಗಳನ್ನು ಇಟ್ಟುಬಿಟ್ಟಿದ್ದರು. ಕಾಕಾ ತಾಡಪತ್ರಿ ಎತ್ತಿ, ಒಂದು ಚೂರನ್ನು ಬಿಸಿಲಿಗೆ ಹಿಡಿದು, ಹೂವಿಲ್ಲ ಎಂದು ಮುಖ ಸಣ್ಣದು ಮಾಡಿಕೊಂಡು ಹೊರಟ. ಸಾಹೇಬರಿಗೆ ಏನೋ ಅಸಮಾಧಾನವಾಯಿತು ಎಂದು ಪಾಪ ಆ ಮಾಲೀಕರು ಸ್ಕೂಟಿಯ ಹಿಂದೆ ಗೇಟಿನವರೆಗೂ ಓಡಿಬಂದರು.

ಎಷ್ಟೋ ಕಡೆ ಈಗ ಕರೆಂಟಿನ ಭಟ್ಟಿ. ಕೋಕು ಹಾಕಿ ಉರಿಸುವ ಹಳೆಯ ಭಟ್ಟಿಗಳು ಆರಿಹೋಗಿವೆ. ಎಲ್ಲೂ ಹೂವು ಸಿಗಲಿಲ್ಲ. ಆಗ ನನಗೊಂದು ಹೊಳೆಯಿತು. ಎಲ್ಲ ಗೇಟಿನಲ್ಲೂ ನಿಂತ ಕಾಕಾ ಒಂದು ಗೇಟಿನ ಮುಂದೆ ಮಾತ್ರ, ಮುಂದೆ ನಡಿ ಎನ್ನುತ್ತಿದ್ದ. ಅದು ನಮ್ಮಪ್ಪ ದುಡಿದ ಫೌಂಡ್ರಿ.

ಅಂದು ಅದರ ಮುಂದೆ ನಾನೇ ಗಾಡಿ ನಿಲ್ಲಿಸಿದೆ. ಕಾಕಾ ಇಳಿಯಲಿಲ್ಲ. ನಾನೂ ಹೊರಡಲಿಲ್ಲ. ನಾನು ಯಾರ ಮಗಳು? ಕೊನೆಗೆ ಕಾಕಾ ಇಳಿದ. ಕಾವಲುಗಾರ ಹೆಸರು ಕೇಳಿದ. ಕಾಕಾ ಅಡ್ಡಹೆಸರು ಹೇಳಿದ. ಅಪ್ಪನದೂ ಅದೇ ಅಡ್ಡಹೆಸರು. ಒಳಗಿನಿಂದ ಅಪ್ಪನ ಜೊತೆ ದುಡಿದ ಒಬ್ಬ ಮೇಸ್ತ್ರಿ ಬಂದು, ಕಾಕಾನ ಮುಖವನ್ನು ಒಮ್ಮೆ ನೋಡಿ, ಏನೂ ಕೇಳದೆ ಹಿತ್ತಿಲಿಗೆ ಕರೆದುಕೊಂಡು ಹೋದರು. ಜಾಲಿಯ ಕಂಟಿಗಳ ನಡುವೆ ಹಳೆಯ ಕಿಟ್ಟದ ದಿಬ್ಬ. ಕಾಕಾ ಬಗ್ಗಿ ಒಂದು ಚೂರನ್ನು ತೆಗೆದು ಬಿಸಿಲಿಗೆ ಹಿಡಿದ. ಕರಿಯ ಗಾಜಿನಲ್ಲಿ ಬಿಳಿ ಹೂವು.

ಮೇಸ್ತ್ರಿ ವಿವರಿಸಿದರು. ಕಿಟ್ಟ ತೆಳುವಾಗಿ ಹರಿಯಲು ಭಟ್ಟಿಗೆ ಸುಣ್ಣದಕಲ್ಲು ಹಾಕುತ್ತಾರೆ. ಇಲ್ಲಿ ಮಾತ್ರ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಗಡಿಗಳಲ್ಲಿ ಉಳಿದ ಅಮೃತಶಿಲೆಯ ಚೂರುಗಳನ್ನು ತಂದು ಹಾಕುತ್ತಿದ್ದರು. ಪೂರ್ತಿ ಕರಗದೆ ಉಳಿದದ್ದು ಆ ಬಿಳಿ ಚುಕ್ಕೆ. ಅದು ನಮ್ಮಪ್ಪ ಕಂಡುಕೊಂಡ ಉಪಾಯವಂತೆ.

ಕಾಕಾನ ಗೆಲುವು ಅದು. ಕಲ್ಲು ಎಲ್ಲಿ ಹತ್ತಿತು ಎಂದು ಕೊನೆಗೂ ಹಿಡಿದಿದ್ದ! ಆದರೆ ಅವನ ಮುಖದಲ್ಲಿ ಗೆಲುವು ಇರಲಿಲ್ಲ. ಕೊಲ್ಹಾಪುರದಲ್ಲಿ ಹತ್ತಿದ್ದು ಗಡಹಿಂಗ್ಲಜದ ನಮ್ಮ ಪಾಣಂದದಲ್ಲಿ ಇಳಿಯಿತು ಎಂದರೆ ಯಾರೋ ಒಬ್ಬರು ಅದರ ಜೊತೆಗೆ ಬಂದಿರಬೇಕಲ್ಲವೇ? ಕಾಕಾ ಸ್ಕೂಟಿ ಹತ್ತಿ ಕೂತು, "ವೈನಿ ಹತ್ರ ಹೋಗೂನು ನಡಿ" ಎಂದ. ವೈನಿ ಎಂದರೆ ಅತ್ತಿಗೆ, ನಮ್ಮವ್ವ.

ನಮ್ಮ ಮನೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ. ಅವ್ವ ಕಾಳು ಹಸನು ಮಾಡುತ್ತಿದ್ದಳು. ಕಾಕಾ ಎದುರಿಗೆ ಕೂತು ಚೂರನ್ನು ಮೊರದ ಪಕ್ಕದಲ್ಲಿಟ್ಟ. ಅವ್ವ ಅದನ್ನು ನೋಡಿದಳು, ನಂತರ ಅವನನ್ನು ನೋಡಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಲು ಶುರುಮಾಡಿದಳು.

ಒಂದು ಮಳೆಗಾಲದಲ್ಲಿ ಕಾಕುವಿಗೆ ಜ್ವರ ನೆತ್ತಿಗೇರಿತ್ತು. ಪಾಣಂದದಲ್ಲಿ ಮೊಣಕಾಲುದ್ದ ರಾಡಿ. ಯಾವ ಗಾಡಿಯೂ ಬರಲಿಲ್ಲ. ಹೊರಸಿನ ಮೇಲೆ ಹೊತ್ತುಕೊಂಡು ಹೋಗಬೇಕಾಯಿತು. ಹೊತ್ತವರು ಜಾರಿ ಬಿದ್ದು, ಕಾಕು ಕೆಸರಿನಲ್ಲಿ ಬಿದ್ದಳು. ಈ ಸುದ್ದಿ ಯಾರಿಂದಲೋ ಅಪ್ಪನ ಕಿವಿಗೆ ಬಿತ್ತು. ಆ ದಿನ ಅಪ್ಪ ಊಟ ಮಾಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವನ ರಜೆಯೆಲ್ಲ ಪಾಣಂದಕ್ಕೇ ಹೋಯಿತು. ಗಡಹಿಂಗ್ಲಜದ ಕಡೆಗೆ ಇಟ್ಟಂಗಿ ತರಲು ಖಾಲಿ ಹೋಗುವ ಟ್ರಕ್ಕುಗಳಲ್ಲಿ, ಮಾಲೀಕರನ್ನು ಕೇಳಿ ಸ್ಲ್ಯಾಗು ತುಂಬಿಸಿಕೊಂಡು, ಮೇಲೆ ತಾನೂ ಕೂತು ಹೋಗುತ್ತಿದ್ದ. ತಮ್ಮನ ಡ್ಯೂಟಿ ಚಂದಗಡದ ಮುಕ್ಕಾಮಿಗೆ ಬಿದ್ದ ದಿನವನ್ನೇ ನೋಡಿ ಹೋಗುತ್ತಿದ್ದ. ಯಾರಾದರೂ ಕೇಳಿದರೆ ಪಂಚಾಯ್ತಿ ಕೆಲಸ ಎಂದು ಹೇಳುತ್ತಿದ್ದ.

"ನಮ್ಮ ಮನ್ಯಾಕಿ ನೋಡಿರಲಿಲ್ಲೇನ್ರಿ?" ಎಂದು ಕೇಳಿದ ಕಾಕಾ.

"ನೋಡದ ಏನ್ರಿ? ಅಕಿನ ಬುತ್ತಿ ಕೊಡತಿದ್ಲು ಅವರಿಗೆ."

ಕಾಕಾ ತಲೆಗೆ ಕೈ ಹಚ್ಚಿಕೊಂಡ. "ನಾ ಸರಪಂಚಗ ಹಾರಾ ಹಾಕಿ ಪೇಡೆ ಹಂಚಿದ್ನೆಲ್ರಿ ವೈನಿ" ಎಂದ.

ಅವ್ವನಿಗೆ ನಗು ತಡೆಯಲಾಗಲಿಲ್ಲ. ಆ ಸುದ್ದಿ ಕೇಳಿದ ದಿನ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನಂತೆ. ಅವನು ಅಷ್ಟು ನಕ್ಕದ್ದನ್ನು ಅವ್ವ ಮತ್ತೆ ನೋಡಲಿಲ್ಲವಂತೆ. ನಗುತ್ತಲೇ ಅವಳ ಕಣ್ಣು ತುಂಬಿತು.

"ಮೊದಲ ಯಾಕ ಹೇಳಲಿಲ್ರಿ?"

"ನೀವು ಒಳಗ ಬರಬೇಕಾತಲ್ರಿ ಭಾವುಜಿ. ಮತ್ತ ಅವರು ಆಣಿ ಹಾಕಿಸ್ಕೊಂಡಿದ್ರು. ನಂದು ಅಂತ ಗೊತ್ತಾದ್ರ ಅಂವ ಎಲ್ಲಾ ಕೆರದ ಒಗೀತಾನ, ಹೇಳಬ್ಯಾಡಾ ಅಂದಿದ್ರು."

"ನಾ ಹಂಗ ಮಾಡತಿದ್ದಿಲ್ರಿ ವೈನಿ."

"ಮಾಡತಿದ್ರಿ."

ಕಾಕಾ ಮೊರದ ಕಾಳಿಗೆ ಕೈ ಹಾಕಿದ. ಒಂದು ಹರಳನ್ನು ಆರಿಸಿ ಪಕ್ಕಕ್ಕಿಟ್ಟ. ಮತ್ತೊಂದನ್ನು ಆರಿಸಿದ.

"ಹೌದ್ರಿ" ಎಂದ. "ಮಾಡತಿದ್ದೆ."

ಆಮೇಲೆ ನಮ್ಮ ಕಾಕಾ, ಯಮನಿಗೂ ಹೆದರದವನು, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ನಾನೂ ಅತ್ತೆ. ಅವ್ವ ಮಾತ್ರ ಎದ್ದು, ಹೊತ್ತು ಮುಳುಗುವ ಮೊದಲು ಊಟ ಆಗಬೇಕೆಂದು ಒಲೆ ಹಚ್ಚಿದಳು. ಕಾಕಾ ಎರಡನೆಯ ಸಲ ಬಡಿಸಿದ್ದಕ್ಕೂ ಬೇಡವೆನ್ನಲಿಲ್ಲ.

ಮರುದಿನ ಅವನನ್ನು ಊರಿಗೆ ಬಿಡಲು ನಾನೇ ಹೋದೆ. ಪಾಣಂದದ ಬಾಯಿಗೆ ಬರುತ್ತಲೇ ಇಳಿದುಬಿಟ್ಟ. ನಡೆದು ನಡೆದು, ಕೆದರಿದ ಜಾಗಕ್ಕೆ ಬಂದು, ದಾರಿಯ ನಡುವೆ ಕುಕ್ಕರಗಾಲಿನಲ್ಲಿ ಕೂತ. ತಾನು ಗುದ್ದಲಿಯಿಂದ ಕಿತ್ತಿದ್ದ ಚೂರುಗಳನ್ನು ಒಂದೊಂದಾಗಿ ಮೊದಲಿದ್ದಲ್ಲೇ ಇಟ್ಟು, ಮೇಲೆ ಮುರುಮು ಎಳೆದು, ಅಂಗೈಯಿಂದ ತಟ್ಟಿ ತಟ್ಟಿ ಸಮ ಮಾಡತೊಡಗಿದ. ಬಾಯಲ್ಲಿ ಏನೋ ಗುನುಗುತ್ತಿದ್ದ. ಹತ್ತಿರ ಹೋದಾಗ ಕೇಳಿಸಿತು. ಅಣ್ಣಾ, ಅಣ್ಣಾ ಎನ್ನುತ್ತಿದ್ದ.

ಹಿಂದಿನಿಂದ ಕಬ್ಬು ತುಂಬಿದ ಟ್ರಾಲಿಯೊಂದು ಬಂದು ನಿಂತು ಹಾರ್ನ್ ಹೊಡೆಯಿತು. ಕಾಕಾ ಏಳಲಿಲ್ಲ. ಇನ್ನೊಮ್ಮೆ ಹೊಡೆಯಿತು. ಡ್ರೈವರ್ ಕೆಳಗಿಳಿದು ಬಂದು, ಏನಾದರೂ ಕಳೆದಿದೆಯೇ ಎಂದು ಕೇಳಿದ. ಕಾಕಾ ಕೆಲಸ ಪೂರ್ತಿ ಮುಗಿಸಿ, ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಬದಿಗೆ ಸರಿದು ದಾರಿ ಬಿಟ್ಟ.

"ನಮ್ಮಣ್ಣ ಮಾಡಿದ ದಾರಿ ಐತಿ ಇದು" ಎಂದ. "ಸಾವಕಾಶ ಹೋಗಪಾ."